ಆನೆಯೊಳಗೆ ಓಡಬೇಡಿ: ಒಂದು 'ರನ್', ಹತ್ತೊಂಬತ್ತು ಬಿಕ್ಕಟ್ಟು

ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಹೋಂಸ್ಟೇ. ಕೋಣೆಯ ಬಾಗಿಲ ಹಿಂಬದಿಗೆ ಅಂಟಿಸಿದ್ದ ಫ್ರೆಂಚ್ ಸೂಚನಾ ಹಾಳೆಯ ಒಂದು ಸಾಲನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: 'ನೀವು ಆನೆಯ ಒಳಗೆ ಓಡುತ್ತಿದ್ದರೆ, ಓಡಬೇಡಿ.' ಫ್ರಾನ್ಸಿನಿಂದ ಬಂದಿದ್ದ ದಂಪತಿ ಅದನ್ನು ಓದಿ, ಫೋಟೊ ತೆಗೆದುಕೊಂಡು, ರಾತ್ರಿ ಊಟಕ್ಕೆ ಕುಳಿತಾಗ ಮನೆಯ ಯಜಮಾನರನ್ನು ಬಹಳ ವಿನಯದಿಂದ ಕೇಳಿದರಂತೆ: ಇಲ್ಲಿಯ ಆನೆಗಳು ಅಷ್ಟು ದೊಡ್ಡವೇ?

ಹಾಳೆಯನ್ನು ಬರೆದವನು ಯಜಮಾನರ ಅಕ್ಕನ ಮಗ. ಮೈಸೂರಿನಲ್ಲಿ ನನ್ನ ಬಳಿ ಫ್ರೆಂಚ್ ಕಲಿತವನು. ಎ2 ಪರೀಕ್ಷೆಯನ್ನು ಒಳ್ಳೆಯ ಅಂಕಗಳಲ್ಲಿ ಮುಗಿಸಿದ್ದ. ಯುರೋಪಿನ ಭಾಷಾ ಮಾಪನದ ಆರು ಮೆಟ್ಟಿಲುಗಳಲ್ಲಿ ಅದು ಎರಡನೆಯದು. ಆ ಮೆಟ್ಟಿಲಿನಲ್ಲಿ ನಿಂತವರಿಗೆ ಧೈರ್ಯ ಬಂದಿರುತ್ತದೆ, ಅನುಮಾನ ಇನ್ನೂ ಬಂದಿರುವುದಿಲ್ಲ. ತೋಟದಲ್ಲಿ ಇಂಟರ್ನೆಟ್ ಸಿಗದ ಒಂದು ಮಳೆಗಾಲದ ಮಧ್ಯಾಹ್ನ, ಮಾವ ಬರೆದಿಟ್ಟಿದ್ದ ಇಂಗ್ಲಿಷ್ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು, ಒಂದು ಪುಟ್ಟ ನಿಘಂಟಿನ ಭರವಸೆಯ ಮೇಲೆ ಕುಳಿತಲ್ಲೇ ಅನುವಾದ ಮಾಡಿ ಮುಗಿಸಿದ್ದ.

'ಮೇಡಂ, ಮಾನ ಹೋಯಿತು. ಮಾವ ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದಾರೆ' ಎಂದು ಫೋನ್ ಮಾಡಿದ. ಎರಡೂ ಹಾಳೆಗಳನ್ನು ತೆಗೆದುಕೊಂಡು ಬಾ ಎಂದೆ. ಮುಂದಿನ ಭಾನುವಾರ ಬಂದ.

ಇಂಗ್ಲಿಷ್ ಹಾಳೆಯನ್ನು ಓದಿದಾಗ ನನಗೆ ಅವನ ಮೇಲಿದ್ದ ಕೋಪ ಅರ್ಧ ಇಳಿಯಿತು. ಮಾವನವರ ಇಂಗ್ಲಿಷ್ ಸೊಗಸಾಗಿತ್ತು. ಹಳೆಯ ಪ್ಲಾಂಟರ್‌ಗಳ ಮಾತಿನ ಧಾಟಿ, ನಡುನಡುವೆ ತಮಾಷೆ. ಆದರೆ ಒಂದೂವರೆ ಪುಟದಲ್ಲಿ 'ರನ್' ಎಂಬ ಒಂದೇ ಕ್ರಿಯಾಪದ ಹತ್ತೊಂಬತ್ತು ಕಡೆ ಕುಳಿತಿತ್ತು. ಹೋಂಸ್ಟೇಯನ್ನು ಮನೆಯವರು 'ರನ್' ಮಾಡುತ್ತಾರೆ. ಜನರೇಟರ್ 'ರನ್' ಆಗುತ್ತದೆ. ಗೀಸರ್ ಸೌರಶಕ್ತಿಯ ಮೇಲೆ 'ರನ್' ಆಗುತ್ತದೆ. ನಲ್ಲಿ, ಬಸ್ಸು, ಕಾಲುದಾರಿ, ಬಟ್ಟೆಯ ಬಣ್ಣ, ಕಟ್ಟಿಲ್ಲದ ನಾಯಿಗಳು ಎಲ್ಲವೂ 'ರನ್' ಆಗುತ್ತವೆ. ಬ್ಯಾಟರಿ 'ರನ್ ಡೌನ್', ಬಿಸಿನೀರು 'ರನ್ ಔಟ್', ಅಡುಗೆಮನೆಯ ಬಿಲ್ಲು 'ರನ್ ಅಪ್', ಛತ್ರಿ ಎತ್ತಿಕೊಂಡು ಹೋಗುವವರು 'ರನ್ ಆಫ್', ಆನೆ ಎದುರಾದರೆ 'ರನ್ ಇನ್‌ಟು'. ಬರೆದವರಿಗೆ ಇದು ಗೊತ್ತೇ ಆಗಿರಲಿಕ್ಕಿಲ್ಲ. ಇಂಗ್ಲಿಷಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು ಈ ಕ್ರಿಯಾಪದವನ್ನು ಮರುಪರಿಷ್ಕರಿಸಿದಾಗ ಅದಕ್ಕೆ 645 ಅರ್ಥಗಳನ್ನು ಗುರುತಿಸಿದ್ದರು ಎಂಬುದು 2011ರಲ್ಲಿ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಅದಕ್ಕೆ ಮೊದಲು, 1989ರ ಆವೃತ್ತಿಯಲ್ಲಿ, ಅತಿ ಹೆಚ್ಚು ಅರ್ಥಗಳಿರುವ ಪದವೆಂಬ ಪಟ್ಟ 'ಸೆಟ್' ಎಂಬುದರದಾಗಿತ್ತು. ಯಂತ್ರಗಳು ಬಂದ ಮೇಲೆ 'ರನ್' ಗೆದ್ದಿತು ಎನ್ನುತ್ತಾರೆ. ಇಂಗ್ಲಿಷ್ ಚಿಕ್ಕ ಕ್ರಿಯಾಪದದ ಬೆನ್ನಿಗೆ ಒಂದು ಚಿಕ್ಕ ಅವ್ಯಯವನ್ನು ಕಟ್ಟಿ ಹೊಸ ಅರ್ಥ ಹುಟ್ಟಿಸುವ ಭಾಷೆ. ಫ್ರೆಂಚ್ ಆ ಜಾತಿಯದಲ್ಲ. ಅಲ್ಲಿ ಪ್ರತಿ ಕೆಲಸಕ್ಕೂ ಬೇರೆ ಕ್ರಿಯಾಪದ, ಅದರ ಹಿಂದೆ ಸವಾರಿ ಮಾಡುವ ಅವ್ಯಯಗಳು ಕಡಿಮೆ. ಹಾಗಾಗಿ 'ರನ್' ಪದಕ್ಕೆ ಫ್ರೆಂಚ್‌ನಲ್ಲಿ ಏನು ಎಂದು ಕೇಳಿದರೆ ನಿಘಂಟು 'ಕುರೀರ್' ಎನ್ನುತ್ತದೆ, ಅಂದರೆ ಕಾಲಿನಿಂದ ಓಡುವುದು. ನಿಘಂಟು ಸುಳ್ಳು ಹೇಳಿಲ್ಲ. ಕೇಳಿದ ಪ್ರಶ್ನೆಯೇ ಸರಿಯಿಲ್ಲ.

ನನ್ನ ಶಿಷ್ಯ ಹದಿನಾರು ಕಡೆ 'ಕುರೀರ್' ಹಾಕಿದ್ದ. ಉಳಿದ ಮೂರು ಕಡೆ ಏನು ಮಾಡಬೇಕೆಂದು ತಿಳಿಯದೆ ವಾಕ್ಯವನ್ನೇ ನುಂಗಿದ್ದ. ಅವನ ಹಾಳೆಯ ಮೊದಲ ಸಾಲೇ ನೋಡಿ: 'ಈ ಮನೆ ನಮ್ಮ ಕುಟುಂಬದಿಂದ ಕುರ್ಯೂ.' ಫ್ರೆಂಚರು ಒಂದು ಜಾಗವನ್ನು 'ಕುರ್ಯೂ' ಎಂದರೆ ಜನ ಮುಗಿಬಿದ್ದು ಬರುವ ಜಾಗ ಎಂದರ್ಥ. ಆ ಲೆಕ್ಕದಲ್ಲಿ ಮಾವನವರ ಹೋಂಸ್ಟೇಗೆ ಅವರ ಮನೆಯವರೇ ಮುಗಿಬಿದ್ದು ಬರುತ್ತಿದ್ದಾರೆ! ಇನ್ನೊಂದು ಕಡೆ ನಲ್ಲಿಯ ವಿಷಯದಲ್ಲಿ 'ಲೆಸೇ ಕುರೀರ್' ಎಂದು ಬರೆದಿದ್ದ. ಅದು ಫ್ರೆಂಚರ ದಿನಬಳಕೆಯ ಮಾತು. 'ಹೋಗಲಿ ಬಿಡಿ, ತಲೆ ಕೆಡಿಸಿಕೊಳ್ಳಬೇಡಿ' ಎಂದರ್ಥ. ಬಿಸಿನೀರು ಬರದಿದ್ದರೆ ಎರಡು ನಿಮಿಷ ತಲೆ ಕೆಡಿಸಿಕೊಳ್ಳಬೇಡಿ ಎಂಬ ಸಲಹೆ ಕೆಟ್ಟದ್ದೇನಲ್ಲ, ಆದರೆ ಮಾವ ಹೇಳಹೊರಟದ್ದು ಅದಲ್ಲ.

ಅದೇ ಸಾಲಿನ 'ಗೀಸರ್' ಇನ್ನೊಂದು ಹೊಂಡ. ನೀರು ಕಾಯಿಸುವ ಡ್ರಮ್ಮಿಗೆ ಗೀಸರ್ ಎನ್ನುವುದು ನಮ್ಮ ಇಂಗ್ಲಿಷಿನ ರೂಢಿ. ಫ್ರೆಂಚರಿಗೆ ಗೀಸರ್ ಎಂದರೆ ಐಸ್‌ಲ್ಯಾಂಡಿನಲ್ಲಿ ನೆಲದಿಂದ ಚಿಮ್ಮುವ ಕುದಿನೀರಿನ ಬುಗ್ಗೆ. ಸ್ನಾನದ ಮನೆಯಲ್ಲಿ ಇರಬೇಕಾದದ್ದು 'ಶೋಫೋ', ನೀರು ಕಾಯಿಸುವ ಸಾಧನ. ಅದರ ಪಕ್ಕದಲ್ಲಿ 'ಸೊಲೇರ್' ಎಂದು ಒಂದು ವಿಶೇಷಣ ಸೇರಿಸಿದರೆ 'ಸೌರಶಕ್ತಿಯ ಮೇಲೆ ರನ್ ಆಗುತ್ತದೆ' ಎಂಬುದೆಲ್ಲ ಅದರೊಳಗೇ ಬಂತು. ಕ್ರಿಯಾಪದವೇ ಬೇಡ. ಹತ್ತೊಂಬತ್ತರಲ್ಲಿ ಹೀಗೆ ಸುಮ್ಮನೆ ಕರಗಿಹೋದದ್ದು ಇದೊಂದೇ.

ಉಳಿದವುಗಳಿಗೆ ನಾನು ಒಂದು ದಾರಿ ಹಿಡಿದೆ. ಇಂಗ್ಲಿಷ್ ಹಾಳೆಯನ್ನು ಮಡಚಿ ಅವನ ಕೈಗೆ ಸಿಗದ ಹಾಗೆ ಇಟ್ಟುಕೊಂಡೆ. 'ನಿಮ್ಮ ಮಾವ ಈ ಮಾತನ್ನೆಲ್ಲ ನೆಂಟರಿಗೆ ಹೇಳುವುದಾದರೆ ಹೇಗೆ ಹೇಳುತ್ತಾರೆ? ಕನ್ನಡದಲ್ಲಿ ಹೇಳು. ನಾನು ಒಂದೊಂದನ್ನೇ ಕೇಳುತ್ತೇನೆ' ಎಂದೆ. ಇದು ಪಾಠಶಾಲೆಯ ನಿಯಮಕ್ಕೆ ವಿರುದ್ಧ ಎಂದು ಗೊತ್ತು. ಮೂರನೆಯ ಭಾಷೆಯನ್ನು ಕಲಿಯುವಾಗ ತಾಯ್ನುಡಿಯನ್ನು ದೂರವಿಡಿ ಎಂದು ನಮ್ಮ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ನಾನು ಅದನ್ನು ಒಪ್ಪುವುದನ್ನು ಬಿಟ್ಟು ಬಹಳ ವರ್ಷವಾಯಿತು.

ನಲ್ಲಿಯಿಂದ ಶುರು ಮಾಡಿದೆವು. 'ಎರಡು ನಿಮಿಷ ನೀರು ಹರಿಯಲು ಬಿಡಿ' ಎಂದ. ಹಾಗಾದರೆ ಹರಿಯುವುದು ಯಾವುದು? ನೀರು. ಇಂಗ್ಲಿಷಿನಲ್ಲಿ ನಲ್ಲಿಯೇ 'ರನ್' ಆಗುತ್ತದೆ, ಕನ್ನಡದಲ್ಲಿ ನೀರು ಹರಿಯುತ್ತದೆ, ಫ್ರೆಂಚ್‌ನಲ್ಲಿಯೂ ನೀರೇ ಹರಿಯುತ್ತದೆ: 'ಲೆಸೇ ಕೂಲೇ ಲೋ'. ಇಲ್ಲಿ ನಲ್ಲಿಯನ್ನು ಕರ್ತೃವಾಗಿ ಕೂರಿಸಿ 'ನಲ್ಲಿ ಕೂಲ್' ಎಂದಿದ್ದರೆ ಅದು ಕೊಳಾಯಿ ರಿಪೇರಿಯವನಿಗೆ ಹೇಳುವ ಮಾತಾಗುತ್ತಿತ್ತು, ನಲ್ಲಿ ಸೋರುತ್ತಿದೆ ಎಂದು. ಶೀತವಾದಾಗ ಸೋರುವ ಮೂಗಿಗೂ ಇದೇ 'ಕೂಲೇ'. ಹಾಳೆಯಲ್ಲಿ ಮೂಗಿರಲಿಲ್ಲ, ಆದರೆ ಅವನಿಗೆ ಇದನ್ನು ಹೇಳಿದಾಗ ಮುಖ ಅರಳಿತು. ನೀರು, ನಲ್ಲಿ, ಮೂಗು ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿಕೊಂಡ. ಇನ್ನು ಮರೆಯುವುದಿಲ್ಲ.

ಬಿಸಿನೀರು 'ರನ್ ಔಟ್' ಆಗುವುದಕ್ಕೆ ಅವನು ಹೇಳಿದ ಕನ್ನಡ: 'ಬಿಸಿನೀರು ಮುಗಿದಿದ್ದರೆ'. ಇಂಗ್ಲಿಷಿನಲ್ಲಿ 'ನಾವು' ಕರ್ತೃ. ನಾವೇ ಬಿಸಿನೀರಿನಿಂದ ಹೊರಗೆ ಓಡುತ್ತೇವೆ, ಏನೋ ಅಪರಾಧ ಮಾಡಿದವರಂತೆ. ಕನ್ನಡದಲ್ಲಿ ಮನುಷ್ಯನ ಸುಳಿವಿಲ್ಲ, ಮುಗಿದದ್ದು ನೀರು. ಫ್ರೆಂಚ್‌ನ ಸಹಜ ಮಾತಿಗೂ ಮನುಷ್ಯ ಬೇಕಾಗಿಲ್ಲ: 'ಇಲ್ ನ್ಯಾ ಪ್ಲ್ಯೂ ದೋ ಶೋದ್', ಬಿಸಿನೀರು ಇನ್ನಿಲ್ಲ, ಅಷ್ಟೇ. ದೊಡ್ಡ ನಿಘಂಟಿನಲ್ಲಿ 'ಎತ್ರ್ ಆ ಕೂರ್ ದ' ಎಂಬ ಗಂಭೀರ ನುಡಿಗಟ್ಟು ಸಿಗುತ್ತದೆ. ಹಣ ಸಾಲದಾದಾಗ, ವಾದ ಮಾಡಲು ಮಾತು ಸಿಗದಾದಾಗ ಅದು ಚೆನ್ನ. ಬಚ್ಚಲ ಮನೆಯಲ್ಲಿ ಸೋಪು ಹಚ್ಚಿಕೊಂಡು ನಿಂತವನಿಗೆ ಅದು ತೀರ ಉದ್ದ. ಕಾರಿನ ಪೆಟ್ರೋಲ್ ಖಾಲಿಯಾದರೆ ಬೇರೆಯೇ ಮಾತು; ಅಲ್ಲಿ ಗಾಡಿ ಪೆಟ್ರೋಲಿನ 'ಪಾನ್' ಒಳಗೆ ಬೀಳುತ್ತದೆ. ಕೆಟ್ಟು ನಿಲ್ಲುವುದಕ್ಕೆ 'ಪಾನ್' ಎಂದು ಹೆಸರು. ಮಾವನವರ ಹಾಳೆಯಲ್ಲಿ ಕಾರು ಇರಲಿಲ್ಲ, ದೇವರು ದೊಡ್ಡವನು.

ಜನರೇಟರ್ ಸಾಲಿಗೆ ಬಂದಾಗ ನನಗೇ ಖುಷಿಯಾಯಿತು. 'ಕರೆಂಟ್ ಇಲ್ಲದಾಗ ಏಳರಿಂದ ಹತ್ತರವರೆಗೆ ಜನರೇಟರ್ ನಡೆಯುತ್ತದೆ' ಎಂದ. ನಡೆಯುತ್ತದೆ! ಫ್ರೆಂಚ್‌ನಲ್ಲಿಯೂ ಯಂತ್ರ ನಡೆಯುತ್ತದೆ: 'ಮಾರ್ಶೇ'. ಕಾಲಲ್ಲಿ ನಡೆಯುವುದಕ್ಕೂ ಅದೇ ಪದ, ಗಡಿಯಾರ ನಡೆಯುವುದಕ್ಕೂ ಅದೇ, ವ್ಯಾಪಾರ ನಡೆಯುವುದಕ್ಕೂ ಅದೇ. ಇಂಗ್ಲಿಷರ ಯಂತ್ರ ಓಡುತ್ತದೆ. ಕನ್ನಡಿಗರದೂ ಫ್ರೆಂಚರದೂ ನಡೆದುಕೊಂಡು ಹೋಗುತ್ತದೆ. ಪ್ಯಾರಿಸಿನಲ್ಲಿ ಯಾರಾದರೂ ಒಂದು ಸಲಹೆ ಕೊಟ್ಟರೆ ಇನ್ನೊಬ್ಬರು 'ಸಾ ಮಾರ್ಶ್' ಎನ್ನುತ್ತಾರೆ. ನಮ್ಮ ಅಂಗಡಿಯವರು 'ನಡೆಯುತ್ತದೆ ಬಿಡಿ' ಎನ್ನುವ ಹಾಗೆಯೇ, ಅದೇ ಪದ, ಅದೇ ಧಾಟಿ. ವರ್ಷಗಟ್ಟಲೆ ತರಗತಿಯಲ್ಲಿ ಇದನ್ನು ಇಂಗ್ಲಿಷಿನ ಮೂಲಕ ವಿವರಿಸುತ್ತಾ ಬಂದಿದ್ದೇನೆ ಎಂದು ನೆನೆದು ನನಗೇ ನಾಚಿಕೆಯಾಯಿತು. ಕೊನೆಗೆ ಹಾಳೆಗೆ ಹಾಕಿದ್ದು ಸ್ವಲ್ಪ ಅಧಿಕೃತವಾಗಿ ಕೇಳಿಸುವ 'ಫೋಂಕ್ಸಿಯೊನೇ', ಕೆಲಸ ಮಾಡುತ್ತದೆ ಎಂಬ ಅರ್ಥದ್ದು. ಬರವಣಿಗೆಯ ಸೂಚನೆಗೆ ಅದು ಹೊಂದುತ್ತದೆ. 'ತೂರ್ನೇ', ಅಂದರೆ ಸುತ್ತುವುದು, ಎಂಜಿನ್ನಿಗೆ ಸಲ್ಲುವ ಇನ್ನೊಂದು ಪದ. ಮೋಟಾರು ಒಳಗೆ ಸುತ್ತುತ್ತಿರುತ್ತದಲ್ಲ.

ಆ ಸಾಲಿನಲ್ಲಿ ಇನ್ನೊಂದು ಮೋಜಿದೆ. 'ಕರೆಂಟ್' ಎಂಬ ಪದವನ್ನು ಕನ್ನಡ ಇಂಗ್ಲಿಷಿನಿಂದ ತಂದಿತು. ಇಂಗ್ಲಿಷ್ ಅದನ್ನು ಹಳೆಯ ಫ್ರೆಂಚ್‌ನಿಂದ ತಂದಿತ್ತು, 'ಕುರೀರ್' ಕ್ರಿಯಾಪದದ ಪೂರ್ವಜನ ಕೃದಂತ ರೂಪ ಅದು: ಓಡುತ್ತಿರುವಂಥದ್ದು. ಇಂದಿಗೂ ಫ್ರೆಂಚ್‌ನಲ್ಲಿ ವಿದ್ಯುತ್ತಿಗೆ 'ಕುರಾಂ' ಎಂದೇ ಹೆಸರು, ಮನೆಯಲ್ಲಿ ನಲ್ಲಿ ನೀರು ಇದ್ದರೆ ಅದು 'ಓ ಕುರಾಂತ್'. ಅಂದರೆ ನಮ್ಮೂರಿನಲ್ಲಿ ಕರೆಂಟ್ ಹೋಯಿತು ಎಂದು ಗೊಣಗುವ ಪ್ರತಿಯೊಬ್ಬರೂ, ನನ್ನ ಶಿಷ್ಯ ಹದಿನಾರು ಕಡೆ ದುರುಪಯೋಗ ಮಾಡಿದ ಆ ಕ್ರಿಯಾಪದವನ್ನು ದಿನವೂ ಸರಿಯಾಗಿಯೇ ಬಳಸುತ್ತಿದ್ದಾರೆ.

ಬ್ಯಾಟರಿ, ಬಣ್ಣ, ಬಸ್ಸು ಮೂರನ್ನೂ ಬೇಗ ದಾಟಿದೆವು. ಬ್ಯಾಟರಿ ಇಳಿಯುತ್ತದೆ, 'ಸ ದೇಶಾರ್ಝೇ'. ಕೈಮಗ್ಗದ ಬಟ್ಟೆ ಬಣ್ಣ ಬಿಡುತ್ತದೆ, 'ದೇತಾಂದ್ರ್'. ಬಣ್ಣ ಕಳೆದುಕೊಳ್ಳುವುದಕ್ಕೆಂದೇ ಇರುವ ಕ್ರಿಯಾಪದ ಅದು. ಬಸ್ಸು ಎರಡು ಗಂಟೆಗೊಮ್ಮೆ ಹೋಗುತ್ತದೆ, 'ಪಾಸ್'. ಪೇಟೆಯ ಬಸ್ ಕಂಪನಿಯ ಪ್ರಕಟಣೆಯಾಗಿದ್ದರೆ 'ಸಿರ್ಕ್ಯೂಲೇ' ಎಂದು ಬರೆಯಬಹುದಿತ್ತು. ತೋಟದ ಗೇಟಿನ ಮುಂದೆ ನಿಂತು ನೋಡುವವನಿಗೆ ಬಸ್ಸು ಹಾದುಹೋಗುತ್ತದೆ, ಅಷ್ಟೇ. ಅದು ಕೆಲವು ದಿನ 'ರನ್ ಲೇಟ್' ಆಗುತ್ತದೆ ಎಂದು ಮಾವ ಬರೆದಿದ್ದರು. 'ಕೆಲವು ದಿನ' ಎಂಬುದು ಮಾವನವರ ಔದಾರ್ಯ ಎಂದು ಶಿಷ್ಯ ಹೇಳಿದ. ಫ್ರೆಂಚ್‌ನಲ್ಲಿ ಬಸ್ಸು ತಡವನ್ನು ಹೊಂದಿರುತ್ತದೆ.

ಕಾಲುದಾರಿಯ ಸಾಲಿನಲ್ಲಿ ನಿಜವಾದ ವಿಷಯ ಶುರುವಾಯಿತು. ಮಾವನವರ ದಾರಿ ಹಳ್ಳದ ಉದ್ದಕ್ಕೂ 'ರನ್' ಆಗಿ, ಆಮೇಲೆ ತೋಟದ ನಡುವೆ 'ರನ್' ಆಗುತ್ತದೆ. ಎರಡು ಕಡೆಯೂ ಕ್ರಿಯಾಪದ ಒಂದೇ. ದಾರಿ ಎತ್ತ ಹೋಯಿತು ಎಂಬುದನ್ನು ಹೇಳುವುದು ಹಿಂದೆ ಬರುವ 'ಅಲಾಂಗ್', 'ಥ್ರೂ' ಎಂಬ ಪುಟಾಣಿಗಳು. ಫ್ರೆಂಚ್‌ನಲ್ಲಿ ಆ ಪುಟಾಣಿಗಳ ಕೆಲಸವನ್ನು ಕ್ರಿಯಾಪದವೇ ಮಾಡುತ್ತದೆ. ಉದ್ದಕ್ಕೂ ಹೋಗುವುದಕ್ಕೆ 'ಲೋಂಝೇ', ದಾಟಿ ಹೋಗುವುದಕ್ಕೆ 'ತ್ರಾವೆರ್ಸೇ'. ಇಳಿಯುವುದಕ್ಕೊಂದು, ಹತ್ತುವುದಕ್ಕೊಂದು, ಒಳಹೋಗುವುದಕ್ಕೊಂದು, ಹೊರಬರುವುದಕ್ಕೊಂದು. ದಾರಿ ಕ್ರಿಯಾಪದದಲ್ಲಿ, ಹೋದ ಬಗೆಯನ್ನು ಹೇಳಲೇಬೇಕಾದರೆ ಕೊನೆಗೆ ಒಂದು ಕೃದಂತ. ಇಂಗ್ಲಿಷಿನಲ್ಲಿ ಬಗೆ ಕ್ರಿಯಾಪದದಲ್ಲಿ, ದಾರಿ ಬಾಲದಲ್ಲಿ.

ಅಮೆರಿಕದ ಭಾಷಾವಿಜ್ಞಾನಿ ಲೆನಾರ್ಡ್ ಟಾಲ್ಮಿ 1980ರ ದಶಕದಿಂದ ಮುಂದೆ ಜಗತ್ತಿನ ಭಾಷೆಗಳನ್ನು ಈ ಗೆರೆಯ ಮೇಲೆ ಎರಡು ಪಾಲು ಮಾಡಿ ತೋರಿಸಿದರು. ಅನುವಾದಕರಿಗೆ ಇದು ಅದಕ್ಕೂ ಮೊದಲೇ ಗೊತ್ತಿತ್ತು. ಕೆನಡಾದಲ್ಲಿ ಕೆಲಸ ಮಾಡುತ್ತಿದ್ದ ಝಾಂ-ಪೋಲ್ ವಿನೇ ಮತ್ತು ಝಾಂ ದಾರ್ಬೆಲ್ನೇ ಎಂಬ ಇಬ್ಬರು 1958ರಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಶೈಲಿಗಳನ್ನು ಹೋಲಿಸಿ ಬರೆದ ಪುಸ್ತಕದಲ್ಲಿ ಈ ಅದಲುಬದಲಿಗೆ 'ಶಾಸೇ-ಕ್ರ್ವಾಜೇ' ಎಂಬ ಹೆಸರಿದೆ. ಮೂಲದಲ್ಲಿ ಅದು ಒಂದು ನೃತ್ಯದ ಹೆಜ್ಜೆ, ಜೋಡಿಯವರು ಪರಸ್ಪರ ಜಾಗ ಬದಲಿಸಿಕೊಳ್ಳುವುದು. ತರಗತಿಗಳಲ್ಲಿ ಎಲ್ಲರೂ ಕೊಡುವ ಉದಾಹರಣೆ 1909ರಲ್ಲಿ ವಿಮಾನದಲ್ಲಿ ಇಂಗ್ಲಿಷ್ ಕಾಲುವೆ ದಾಟಿದ ಲೂಯಿ ಬ್ಲೇರಿಯೋನದು. ಇಂಗ್ಲಿಷಿನಲ್ಲಿ ಅವನು ಕಾಲುವೆಯ ಆಚೆಗೆ ಹಾರಿದ. ಫ್ರೆಂಚ್‌ನಲ್ಲಿ ಅವನು ಕಾಲುವೆಯನ್ನು ದಾಟಿದ, ವಿಮಾನದಲ್ಲಿ.

ಕನ್ನಡ ಯಾವ ಪಾಲಿಗೆ ಸೇರುತ್ತದೆ ಎಂದು ಶಿಷ್ಯ ಕೇಳಿದ. ಅದಕ್ಕೆ ಮಾವನವರ ಹಾಳೆಯಲ್ಲೇ ಪರೀಕ್ಷೆ ಇತ್ತು. ತೋಟದ ಮುಂದಿನ ರಸ್ತೆಯಲ್ಲಿ ಮರದ ಲಾರಿಗಳು ಜೋರಾಗಿ ಬರುತ್ತವೆ, ಮಕ್ಕಳು 'ರನ್ ಅಕ್ರಾಸ್' ಮಾಡದಂತೆ ನೋಡಿಕೊಳ್ಳಿ ಎಂದು. ಕನ್ನಡದಲ್ಲಿ ಹೇಳು ಎಂದಾಗ ಅವನ ಬಾಯಿಂದ ಮೊದಲು ಬಂದದ್ದು: 'ಮಕ್ಕಳು ರಸ್ತೆಗೆ ಅಡ್ಡ ಓಡದಂತೆ'. ಅಯ್ಯೋ ಎಂದುಕೊಂಡೆ. ಇದು ಇಂಗ್ಲಿಷಿನ ಅಚ್ಚೇ: ಓಟ ಕ್ರಿಯಾಪದದಲ್ಲಿ, ದಾರಿ 'ಅಡ್ಡ' ಎಂಬ ಅವ್ಯಯದಲ್ಲಿ. ಇನ್ನೊಂದು ರೀತಿಯಲ್ಲಿ ಹೇಳಲಾಗುತ್ತದೆಯೇ ಎಂದೆ. ಸ್ವಲ್ಪ ಯೋಚಿಸಿ 'ಓಡಿಕೊಂಡು ರಸ್ತೆ ದಾಟದಂತೆ' ಎಂದ. ಇದು ನೂರಕ್ಕೆ ನೂರು ಫ್ರೆಂಚ್: 'ತ್ರಾವೆರ್ಸೇ ಲಾ ರೂತ್ ಆಂ ಕುರಾಂ', ರಸ್ತೆಯನ್ನು ದಾಟುವುದು, ಓಡಿಕೊಂಡು.

ಕನ್ನಡದ ಕೈಯಲ್ಲಿ ಎರಡೂ ಅಚ್ಚುಗಳಿವೆ, ಹಾಗಾಗಿ ಕನ್ನಡ ದಾರಿ ತೋರಿಸುತ್ತದೆ ಎಂದು ಕಣ್ಣು ಮುಚ್ಚಿ ಹಿಂಬಾಲಿಸಿದರೆ ಎಡವುತ್ತೇವೆ. 'ಮಗು ಮನೆಯೊಳಗೆ ಓಡಿತು' ಎಂದರೆ ನಮಗೆ ಹೊರಗಿದ್ದ ಮಗು ಒಳಗೆ ಹೋಯಿತು ಎಂದು ತಿಳಿಯುತ್ತದೆ. ಇದನ್ನೇ 'ಕುರೀರ್' ಮತ್ತು 'ದಾಂ' ಎಂಬ ಒಳಸೂಚಕ ಪದ ಹಾಕಿ ಫ್ರೆಂಚ್ ಮಾಡಿದರೆ, ಮಗು ಮನೆಯ ಒಳಗೇ ಇದ್ದು ಹಜಾರದ ತುಂಬ ಓಡಾಡುತ್ತಿದೆ ಎಂದಾಗುತ್ತದೆ. ಹೊಸ್ತಿಲು ದಾಟಬೇಕಾದ ಕಡೆ ಫ್ರೆಂಚ್ ದಾಟುವ ಕ್ರಿಯಾಪದವನ್ನೇ ಕೇಳುತ್ತದೆ: ಓಡಿಕೊಂಡು ಒಳಹೊಕ್ಕಿತು. ಸಿನಿಮಾ ವಿಷಯದಲ್ಲಿಯೂ ಹಾಗೆಯೇ. ನಮ್ಮ ಚಿತ್ರ ನೂರು ದಿನ ಓಡುತ್ತದೆ, ಇಂಗ್ಲಿಷಿನದೂ ಓಡುತ್ತದೆ. ಫ್ರೆಂಚ್ ಚಿತ್ರ ನೂರು ದಿನ ಭಿತ್ತಿಪತ್ರದ ಮೇಲೆ ನಿಂತಿರುತ್ತದೆ, ಕದಲುವುದೇ ಇಲ್ಲ.

ಹೊಸ್ತಿಲಿನ ಮಾತು ತಿಳಿದ ಮೇಲೆ ಆನೆಯ ರಹಸ್ಯ ಅವನಿಗೇ ಹೊಳೆಯಿತು. 'ರನ್ ಇನ್‌ಟು' ಎಂಬುದನ್ನು ಅವನು ಎರಡು ತುಂಡು ಮಾಡಿ, ಮೊದಲನೆಯದಕ್ಕೆ 'ಕುರೀರ್', ಎರಡನೆಯದಕ್ಕೆ 'ದಾಂ' ಹಾಕಿದ್ದ. ಫ್ರೆಂಚ್ ದಂಪತಿಗೆ ಕಂಡದ್ದು, ಆನೆಯ ಹೊಟ್ಟೆಯಲ್ಲಿ ಬೆಳಗಿನ ಓಟಕ್ಕೆ ಹೊರಟ ಪ್ರವಾಸಿ. 'ಆನೆ ಎದುರಾದರೆ ಎಂದು ಬರೆಯಬೇಕಿತ್ತು' ಎಂದು ತಲೆ ಕೆರೆದುಕೊಂಡ. ಸರಿ, ಎದುರಾಗುವುದಕ್ಕೆ ಫ್ರೆಂಚ್‌ನಲ್ಲಿ ಏನಿದೆ? ಅಕಸ್ಮಾತ್ ಸಿಗುವುದಕ್ಕೆ 'ತೋಂಬೇ ಸ್ಯೂರ್' ಎನ್ನುತ್ತಾರೆ. ಪೇಟೆಯಲ್ಲಿ ಹಳೆಯ ಗೆಳೆಯ ಸಿಕ್ಕಿದರೆ ಅದೇ ಮಾತು. ಪದಶಃ 'ಮೇಲೆ ಬೀಳುವುದು'. ತಪ್ಪೇನಿಲ್ಲ, ಆನೆಗೂ ಸಲ್ಲುತ್ತದೆ, ಆದರೆ ಗೆಳೆಯನ ಸಲಿಗೆ ಅದರಲ್ಲಿ ಉಳಿದಿದೆ. 'ನೇಝಾನೇ' ಎಂದು ಇನ್ನೊಂದಿದೆ, ಮೂಗಿಗೆ ಮೂಗು ತಾಗುವಷ್ಟು ಹತ್ತಿರದ ಮುಖಾಮುಖಿ. ಆನೆಯ ವಿಷಯದಲ್ಲಿ ಮೂಗನ್ನು ಎತ್ತುವುದು ಬೇಡ ಎಂದು ಇಬ್ಬರೂ ತೀರ್ಮಾನಿಸಿದೆವು. ಒಮ್ಮೆ ನಗಿಸಿದ್ದು ಸಾಕು.

ಇಲ್ಲಿ ನಾನು ಸ್ವಲ್ಪ ಬಿಗಿಯಾಗಿಯೇ ಹೇಳಿದೆ. ಆ ಹಾಳೆಯಲ್ಲಿ ಉಳಿದ ಸಾಲುಗಳು ತಪ್ಪಿದರೆ ನಗು, ಈ ಸಾಲು ತಪ್ಪಿದರೆ ಜೀವ. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ಬರುವುದು ಕಥೆಯಲ್ಲ. ಆದ್ದರಿಂದ ಜಾಣತನದ ನುಡಿಗಟ್ಟು ಯಾವುದೂ ಬೇಡ. ಆತುರದಲ್ಲಿ ಓದಿದರೂ ಒಂದೇ ಅರ್ಥ ಬರಬೇಕು: ಆನೆಯ ಎದುರಿಗೆ ಸಿಕ್ಕಿಕೊಂಡರೆ, ಓಡಬೇಡಿ, ನಿಧಾನವಾಗಿ ಹಿಂದೆ ಸರಿಯಿರಿ. 'ವೂ ವೂ ತ್ರೂವೇ ಫಾಸ್' ಎಂದು ಶುರು ಮಾಡಿ, 'ನ ಕುರೇ ಪಾ' ಎಂದು ನಿಲ್ಲಿಸಿ, 'ರಕ್ಯುಲೇ' ಎಂದು ಮುಗಿಸಿದೆವು. ಕೊನೆಯದೂ ದಾರಿ ಹೇಳುವ ಕ್ರಿಯಾಪದವೇ. ಮಾವ ಅಲ್ಲಿ 'ಬ್ಯಾಕ್ ಆಫ್' ಎಂದು ಇನ್ನೊಂದು ಜೋಡಿಪದ ಬರೆದಿದ್ದರು. ಅದನ್ನು ನಿಘಂಟಿನಲ್ಲಿ ಬೆನ್ನು ಎಂದು ಹುಡುಕಿದ್ದರೆ ಏನಾಗುತ್ತಿತ್ತೋ.

ನಾಯಿಗಳ ಸಾಲಿನಲ್ಲಿ ಕನ್ನಡ ಮತ್ತೆ ಕೈಹಿಡಿಯಿತು. ರಾತ್ರಿ ನಾಯಿಗಳು 'ರನ್ ಲೂಸ್' ಆಗುತ್ತವೆ. ನಮ್ಮ ಮಾತು 'ರಾತ್ರಿ ನಾಯಿ ಬಿಟ್ಟಿರುತ್ತೇವೆ'. ಫ್ರೆಂಚ್‌ನಲ್ಲಿ ನಾಯಿಗಳು 'ಲಾಶೇ', ಬಿಡಲ್ಪಟ್ಟಿವೆ. ನಾಯಿ ಓಡುತ್ತದೋ ಮೆಟ್ಟಿಲ ಮೇಲೆ ಮಲಗಿ ಗೊರಕೆ ಹೊಡೆಯುತ್ತದೋ, ಅತಿಥಿಗೆ ತಿಳಿಯಬೇಕಾದದ್ದು ಕಟ್ಟಿಲ್ಲ ಎಂಬುದಷ್ಟೇ. ಅಡುಗೆಮನೆಯ ಬಿಲ್ಲಿನ ಸಾಲಂತೂ ನನಗೆ ಅತ್ಯಂತ ಇಷ್ಟವಾದದ್ದು. ಕಾಫಿ, ತಿಂಡಿಗೆಲ್ಲ ಆಗಾಗ ದುಡ್ಡು ಕೊಡಬೇಕಾಗಿಲ್ಲ, ಬಿಲ್ 'ರನ್ ಅಪ್' ಮಾಡಿ ಹೊರಡುವಾಗ ಕೊಡಿ ಎಂದು ಮಾವ ಬರೆದಿದ್ದರು. 'ಲೆಕ್ಕಕ್ಕೆ ಬರೆಸಿ' ಎಂದ ಶಿಷ್ಯ. ಬರೆ ಎಂಬುದಕ್ಕೆ 'ಇಸು' ಸೇರಿ ಬರೆಸು. ಬೇರೆಯವರ ಕೈಯಿಂದ ಕೆಲಸ ಮಾಡಿಸುವುದಕ್ಕೆ ಫ್ರೆಂಚ್‌ನಲ್ಲಿ 'ಫೇರ್' ಎಂಬ ಕ್ರಿಯಾಪದದ ಮುಂದೆ ಇನ್ನೊಂದನ್ನು ಇಡುತ್ತಾರೆ: 'ಫೇರ್ ಮೆತ್ರ್ ಸ್ಯೂರ್ ಲಾ ನೋತ್', ಲೆಕ್ಕದ ಮೇಲೆ ಹಾಕಿಸುವುದು. ಪ್ರೇರಣಾರ್ಥಕವನ್ನು ಕಲಿಸಲು ನಾನು ಹಿಂದೆ ಎಷ್ಟು ಕಪ್ಪುಹಲಗೆ ತುಂಬಿಸಿದ್ದೇನೋ! ಅವನಿಗೆ ಅದು ಎರಡು ನಿಮಿಷದಲ್ಲಿ ಕೂತಿತು, ಬಾಯಲ್ಲಿ ಮೊದಲೇ ಇದ್ದದ್ದರಿಂದ.

ಚಾರಣಕ್ಕೆ ಹೋಗುವ ಯೋಜನೆಯಿದ್ದರೆ ಮೊದಲು 'ರನ್ ಇಟ್ ಬೈ ಅಸ್' ಎಂಬುದು ಮಾತ್ರ ಕೊನೆಯವರೆಗೂ ಕಾಡಿತು. 'ನಮಗೊಂದು ಮಾತು ಹೇಳಿ' ಎಂಬ ಕನ್ನಡದಲ್ಲಿ ಸ್ನೇಹವೂ ಇದೆ, ಹೇಳದೆ ಹೋಗಬೇಡಿ ಎಂಬ ಸಣ್ಣ ಎಚ್ಚರಿಕೆಯೂ ಇದೆ. 'ಪಾರ್ಲೇ-ನೂಝಾಂ', ಅದರ ಬಗ್ಗೆ ನಮ್ಮೊಡನೆ ಮಾತಾಡಿ, ಎಂದು ಹಾಕಿದೆವು. ಸ್ನೇಹ ಬಂತು, ಎಚ್ಚರಿಕೆ ತುಸು ಸಡಿಲವಾಯಿತು. ಹಿಂದೆ 'ಹೊರಡುವ ಮೊದಲು' ಎಂದು ಎರಡು ಪದ ಸೇರಿಸಿ ಬಿಗಿ ಮಾಡಿದೆವು.

ಎಲ್ಲ ಮುಗಿದ ಮೇಲೆ 'ಕುರೀರ್' ಎಷ್ಟು ಕಡೆ ಉಳಿದಿದೆ ಎಂದು ಎಣಿಸಲು ಹೇಳಿದೆ. ಮೂರು. ಆನೆಯ ಎದುರು ಓಡಬೇಡಿ ಎಂಬಲ್ಲಿ ಒಂದು, ಮಕ್ಕಳು ಓಡಿಕೊಂಡು ದಾಟುವಲ್ಲಿ ಒಂದು. ಇವೆರಡರಲ್ಲಿ ನಿಜವಾದ ಕಾಲುಗಳು ಓಡುತ್ತವೆ. ಮೂರನೆಯದು ಅವನಿಗೆ ಆಶ್ಚರ್ಯ ತಂದಿತು. ಕತ್ತಲಾದ ಮೇಲೆ ಒಂಟಿಯಾಗಿ ಹೊರಗೆ ಹೋದರೆ ಅಪಾಯವನ್ನು 'ರನ್' ಮಾಡುತ್ತೀರಿ ಎಂಬ ಸಾಲು. 'ಇದನ್ನೂ ಬದಲಾಯಿಸಬೇಕಲ್ಲ ಮೇಡಂ? ಕನ್ನಡದಲ್ಲಿ ಅಪಾಯವನ್ನು ಯಾರು ಓಡುತ್ತಾರೆ?' ಕನ್ನಡದಲ್ಲಿ ಯಾರೂ ಓಡುವುದಿಲ್ಲ. ಫ್ರೆಂಚರು ಓಡುತ್ತಾರೆ: 'ಕುರೀರ್ ಲ ರಿಸ್ಕ್'. ಇಂಗ್ಲಿಷೂ ಫ್ರೆಂಚೂ ಇಲ್ಲಿ ಅಕ್ಕಪಕ್ಕದ ಮನೆಯವರು, ಕನ್ನಡವೇ ಹೊರಗಿನದು. ಮೊದಲ ಕರಡಿನಲ್ಲಿ ಅವನು ಹಾಕಿದ್ದ ಹದಿನಾರು 'ಕುರೀರ್'ಗಳಲ್ಲಿ, ಕಾಲಿಲ್ಲದೆಯೂ ಸರಿಯಾಗಿದ್ದದ್ದು ಇದೊಂದೇ. ಅದನ್ನು ಅವನು ಅನುಮಾನದಿಂದ ಹೊಡೆದುಹಾಕಲು ಹೊರಟಿದ್ದ.

ಮೊದಲ ಸಾಲಿಗೆ ಕೊನೆಗೆ ಮರಳಿದೆವು. ಹೋಂಸ್ಟೇಯನ್ನು ಮನೆಯವರು ನಡೆಸುತ್ತಾರೆ. ಅವನು 'ಝೇರೇ' ಎಂದ. ನಿರ್ವಹಿಸುವುದು, ವ್ಯಾಕರಣಕ್ಕೆ ಸರಿ. ಆದರೆ ಅದರಲ್ಲಿ ಮ್ಯಾನೇಜರನ ಮೇಜು, ಲೆಕ್ಕದ ಪುಸ್ತಕ ಕಾಣಿಸುತ್ತದೆ. ದೊಡ್ಡ ಸಂಸ್ಥೆಗಾದರೆ 'ದಿರಿಝೇ' ಇದೆ, ಇನ್ನೂ ದೂರ. ನಮ್ಮ ಹಳ್ಳಿಯಲ್ಲಿ ಹೇಗೆ ಹೇಳುತ್ತಾರೆ ನೆನಪಿಸಿಕೊ ಎಂದೆ: ಅವರು ಬಸ್ ಸ್ಟ್ಯಾಂಡಿನಲ್ಲಿ ಹೋಟೆಲ್ ಇಟ್ಟಿದ್ದಾರೆ, ಇವರು ಅಂಗಡಿ ಇಟ್ಟುಕೊಂಡಿದ್ದಾರೆ. ಇಟ್ಟುಕೊಳ್ಳುವುದಕ್ಕೆ, ಹಿಡಿದುಕೊಳ್ಳುವುದಕ್ಕೆ ಫ್ರೆಂಚ್‌ನಲ್ಲಿ 'ತನೀರ್', ಮತ್ತು ಅಂಗಡಿ, ಸಣ್ಣ ಹೋಟೆಲ್, ಅತಿಥಿಗೃಹಗಳಿಗೆ ಅವರು ಬಳಸುವುದೂ ಅದನ್ನೇ. ಮೂರು ತಲೆಮಾರಿನಿಂದ ನಮ್ಮ ಕುಟುಂಬ ಇಟ್ಟುಕೊಂಡು ಬಂದ ಮನೆ. ಮಾವನಿಗೆ ಇದರ ಅರ್ಥ ಹೇಳಿದಾಗ, ತಮ್ಮ ಇಂಗ್ಲಿಷಿಗಿಂತ ಇದೇ ಚೆನ್ನಾಗಿದೆ ಎಂದರಂತೆ.

ಅವರ ತಕರಾರು ಬೇರೆಯದಿತ್ತು. ಫ್ರೆಂಚ್ ಹಾಳೆ ಇಂಗ್ಲಿಷಿಗಿಂತ ಉದ್ದವಾಗಿತ್ತು, ಬಾಗಿಲ ಹಿಂದಿನ ಚೌಕಟ್ಟಿನಲ್ಲಿ ಹಿಡಿಸಲಿಲ್ಲ. ಒಂದೊಂದು ಪುಟಾಣಿಯ ಜಾಗಕ್ಕೆ ಒಂದೊಂದು ಪೂರ್ತಿ ಪದ ಬಂದರೆ ಹಾಗೇ ಆಗುವುದು. ಅಕ್ಷರ ಸಣ್ಣದು ಮಾಡಲು ಅವರು ಒಪ್ಪಲಿಲ್ಲ, ಲ್ಯಾಮಿನೇಟ್ ಮಾಡಿಸುವ ಅಂಗಡಿಯವನು ದೊಡ್ಡ ಅಳತೆಗೆ ಹೆಚ್ಚು ದುಡ್ಡು ಕೇಳಿದ. ಕೊನೆಗೆ ಯಾವುದಾದರೂ ಒಂದು ಸಾಲು ತೆಗೆಯಲೇಬೇಕಾಯಿತು. ದಯವಿಟ್ಟು ಛತ್ರಿಗಳೊಂದಿಗೆ 'ರನ್ ಆಫ್' ಆಗಬೇಡಿ ಎಂಬ ತಮಾಷೆಯ ಸಾಲಿಗೆ ನಾವು ಬಹಳ ಕಷ್ಟಪಟ್ಟು 'ಛತ್ರಿಗಳೊಂದಿಗೆ ಹೊರಟುಬಿಡದಿದ್ದಕ್ಕೆ ಧನ್ಯವಾದ' ಎಂಬ ಫ್ರೆಂಚ್ ಸೂಚನಾಫಲಕಗಳ ಧಾಟಿಯನ್ನು ಹೊಂದಿಸಿದ್ದೆವು. ಮಾವ ತೆಗೆದದ್ದು ಅದನ್ನೇ. ಆ ಋತುವಿನಲ್ಲಿ ಎಷ್ಟು ಛತ್ರಿ ಹೋದವು ಎಂದು ನಾನು ಕೇಳಲು ಹೋಗಿಲ್ಲ.